ಸೊರಬ–ಶಿಕಾರಿಪುರ ಸೀಮೆಯಲ್ಲಿ ಹೆಂಗಸರ ಕಲಿಕೆ: ಚರಗದಿಂದ ಮೊಬೈಲಿನವರೆಗೆ

ಸ್ಮರಣ ಸಂಚಿಕೆಗೆ ಸಂಸ್ಥೆಯ ಚರಿತ್ರೆ ಬರೆಯುವವರಿಗೆ ಸಾಮಾನ್ಯವಾಗಿ ಒಂದು ಅನುಕೂಲವಿರುತ್ತದೆ. ಅಡಿಗಲ್ಲು ಹಾಕಿದ ದಿನ, ಮೊದಲ ಅಧ್ಯಕ್ಷರು, ದಾನಿಗಳ ಪಟ್ಟಿ, ನಡಾವಳಿ ಪುಸ್ತಕ, ಒಂದೆರಡು ಮಾಸಿದ ಗುಂಪುಚಿತ್ರ ಎಲ್ಲವೂ ಕಪಾಟಿನಲ್ಲಿ ಸಿಗುತ್ತವೆ. ನಮ್ಮ ಸೀಮೆಯ ವಯಸ್ಕ ಹೆಂಗಸರು ಎಲ್ಲಿ, ಯಾರಿಂದ, ಏನನ್ನು ಕಲಿತರು ಎಂದು ಬರೆಯಹೊರಟರೆ ಇದು ಯಾವುದೂ ಇಲ್ಲ. ಒಂದೇ ಹೆಸರಿನ, ಒಂದೇ ಕಟ್ಟಡದ ಸಂಸ್ಥೆ ಇಲ್ಲಿ ಇರಲಿಲ್ಲ. ಹಲವು ಸಂಸ್ಥೆಗಳು ಬಂದವು, ತಮ್ಮ ಅವಧಿ ಮುಗಿಸಿ ಹೋದವು. ಅವುಗಳ ಮಧ್ಯೆ ಕಲಿಕೆ ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಈ ಲೇಖನ ಬಂದುಹೋದ ಸಂಸ್ಥೆಗಳ ಚರಿತ್ರೆ. ಅದರ ಜೊತೆಗೆ, ಯಾವ ಇಲಾಖೆಯೂ ಸಂಸ್ಥೆ ಎಂದು ಕರೆಯದ ಒಂದರ ಚರಿತ್ರೆಯೂ ಹೌದು.

ಕಲಿಕೆಯ ಮಾತು ಬಂದಾಗ ಶಿಕಾರಿಪುರ ತಾಲ್ಲೂಕಿನವರು ಬಳ್ಳಿಗಾವಿಯನ್ನು ನೆನೆಯುವುದು ಸಹಜ. 1162ರ ಶಾಸನ ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದ, ಹಲವು ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಎಲ್ಲದರ ವ್ಯಾಸಂಗಕ್ಕೂ ಅಲ್ಲಿ ಜಾಗವಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧಿಯೂ ಇತ್ತು. ಅದೇ ಸೀಮೆಯ ಉಡುತಡಿ ಅಕ್ಕಮಹಾದೇವಿಯ ಊರು. ಅದೇ ಶತಮಾನದ ಆ ಹೆಣ್ಣುಮಗಳು ತನ್ನ ಅನುಭವಮಂಟಪ ಹುಡುಕಿಕೊಂಡು ಕಲ್ಯಾಣದವರೆಗೆ ನಡೆಯಬೇಕಾಯಿತು. ಇಷ್ಟು ಹೇಳಿ ಶಾಸನದ ಕಾಲವನ್ನು ಬಿಡುತ್ತೇನೆ, ಏಕೆಂದರೆ ನಮ್ಮ ಹೆಂಗಸರ ಪಾಠಶಾಲೆ ಮಠದಲ್ಲಿ ಇರಲಿಲ್ಲ. ಅದು ಹಿತ್ತಲಲ್ಲಿ, ಗದ್ದೆಯ ಬದುವಿನಲ್ಲಿ, ಕಾನಿನ ಅಂಚಿನಲ್ಲಿ ಇತ್ತು.

ಸೊರಬದ ಕಾನುಗಳ (ಹಸಿರು ಕಾಡಿನ ತುಣುಕುಗಳ) ಮೇಲೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಒಂದು ವರದಿ ಕೊಟ್ಟರು. ಈ ಒಂದು ತಾಲ್ಲೂಕಿನಲ್ಲೇ ಅವರು ಲೆಕ್ಕ ಹಾಕಿದ್ದು 171 ಕಾನು, ಒಟ್ಟು 32,594 ಎಕರೆ. ಕಾನಿನ ಲೆಕ್ಕ ಹೀಗೆ ಸರ್ಕಾರದ ಕಡತಕ್ಕೆ ಸೇರಿತು. ಕಾನಿನ ಯಾವ ಚಿಗುರು ಯಾವ ಮಳೆಗೆ ತಿನ್ನಲು ಬರುತ್ತದೆ, ಯಾವುದನ್ನು ಬೇಯಿಸಿದ ನೀರು ಚೆಲ್ಲಬೇಕು, ಯಾವುದನ್ನು ಬಾಣಂತಿಗೆ ಕೊಡಬಾರದು ಎಂಬ ಲೆಕ್ಕ ಅಡುಗೆಮನೆಯಲ್ಲೇ ಉಳಿಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಬರುವ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕದೆ ಯಾರೂ ಒಲೆಗೆ ಇಡುವುದಿಲ್ಲ. ಎಳೆ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಅತ್ತೆ ಸೊಸೆಗೆ ಹೇಳುವುದು ‘ನೀರು ಬಸಿ’ ಎಂದಷ್ಟೆ. ಕೆಸುವಿಗೆ ವಾಟೆಹುಳಿಯನ್ನೋ ಹುಣಸೆಯನ್ನೋ ಹಾಕುವುದು ರುಚಿಗೆ ಎಂದು ಪಟ್ಟಣದವರು ತಿಳಿದಿರುತ್ತಾರೆ. ಹುಳಿ ಇಲ್ಲದ ಕೆಸು ಗಂಟಲನ್ನು ಏನು ಮಾಡುತ್ತದೆ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು.

ಈ ಕಲಿಕೆಗೆ ವರ್ಷಕ್ಕೊಮ್ಮೆ ಪರೀಕ್ಷೆಯೂ ಇದೆ. ಆಶ್ವೀಜದ ಹುಣ್ಣಿಮೆಯಂದು, ಭತ್ತ ಹೊಡೆಯಾಗುವ ಹೊತ್ತಿಗೆ ಬರುವ ಭೂಮಿ ಹುಣ್ಣಿಮೆ ಅದು. ಬಸುರಿ ಹೆಂಗಸಿಗೆ ಬಯಕೆ ಊಟ ಇಕ್ಕುವಂತೆ ಭೂಮಿಗೂ ಇಕ್ಕಬೇಕೆಂಬುದು ಹಬ್ಬದ ಹುರುಳು. ಅದಕ್ಕೆ ಚರಗ, ಅಂದರೆ ಗದ್ದೆಗೆ ಬೀರುವ ಎಡೆ, ಮಾಡಲು ಬೆರಕೆ ಸೊಪ್ಪು ಬೇಕು. ನೂರೊಂದು ಬಗೆ ಎಂಬುದು ಮಾತಿನ ಲೆಕ್ಕ. ನಿಜದ ಲೆಕ್ಕ ಮನೆಯಿಂದ ಮನೆಗೆ, ಹಿತ್ತಲಿನಿಂದ ಹಿತ್ತಲಿಗೆ ಬೇರೆ. ಆದರೆ ಹಬ್ಬದ ಹಿಂದಿನ ದಿನಗಳಲ್ಲಿ ಅಜ್ಜಿಯ ಬೆನ್ನಿಗೆ ಬಿದ್ದು ಬದು ಸುತ್ತುವ ಹುಡುಗಿಗೆ ಹೀರೆ, ಹಾಗಲ, ಅಮಟೆ, ಕೆಸುಗಳ ಕುಡಿಯಿಂದ ಹಿಡಿದು ಹೆಸರೇ ಗೊತ್ತಿಲ್ಲದ ಬೇಲಿಯ ಬಳ್ಳಿಯವರೆಗೆ ಪರಿಚಯವಾಗುತ್ತದೆ. ರಾತ್ರಿಯೆಲ್ಲ ಹೆಂಗಸರು ಅಡುಗೆ ಮಾಡುತ್ತಾರೆ. ನಸುಕಿನಲ್ಲಿ ಗಂಡಸರು ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಫೋಟೊದಲ್ಲಿ ಬರುವುದು ಬೀರುವವರು. ಈಚೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯೂ ಫೋಟೊದಲ್ಲಿ ಬರುತ್ತಿದೆ, ಸಂತೋಷ. ಆ ಬುಟ್ಟಿ ಬರೆಯುವ ಕೈಯೇ ಮದುವೆಮನೆಯ ಹಸೆಗೋಡೆಯನ್ನೂ ಬರೆಯುತ್ತದೆ. ನೆನೆದ ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ದೀವರ ಸಮುದಾಯದ ಹೆಂಗಸರು ಅಳತೆಪಟ್ಟಿ ಮುಟ್ಟದೆ ಎಳೆಯುವ ಆ ಗೆರೆಗಳ ಲೆಕ್ಕಾಚಾರ ಕಂಡವರು ‘ಅನಕ್ಷರಸ್ಥೆ’ ಎಂಬ ಮಾತನ್ನು ಸ್ವಲ್ಪ ಯೋಚಿಸಿ ಬಳಸಬೇಕು.

ಹೊರಗಿನಿಂದ ಬಂದ ಸಂಸ್ಥೆಗಳು ಆ ಮಾತನ್ನು ಯೋಚಿಸದೆಯೇ ಬಳಸಿದವು. ಮೊದಲು ಬಂದದ್ದು ಮೈಸೂರಿನ ಸಾಕ್ಷರತಾ ಚಳವಳಿ. 1940ರ ದಶಕದ ಆರಂಭದಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಉತ್ಸಾಹದಿಂದ ಮೊಳೆತ ಅದು ಮುಂದೆ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ರಾತ್ರಿ ಶಾಲೆ, ‘ಬೆಳಕು’ ಪತ್ರಿಕೆ, ಊರೂರಿಗೆ ವಾಚನಾಲಯ, 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ — ಆ ಕಾಲಕ್ಕೆ ಅದು ಸಣ್ಣ ಸಾಹಸವಲ್ಲ. ರಾತ್ರಿ ಶಾಲೆಯ ಹೊತ್ತಿನಲ್ಲಿ ಹೆಂಗಸರು ಒಲೆಯ ಮುಂದೆ ಇರುತ್ತಿದ್ದರು ಎಂಬುದೊಂದೇ ತೊಡಕು. 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಗ್ರಾಮಸೇವಿಕೆಯರು, ಮಹಿಳಾ ಮಂಡಲಗಳು ಬಂದವು. ಹೊಲಿಗೆ, ಶಿಶುಪಾಲನೆ, ಹೊಗೆಯಿಲ್ಲದ ಒಲೆಯ ಪಾಠಗಳಾದವು. 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದ ಮೇಲೆ ಮೊದಲ ಸಲ ಪಾಠ ಒಲೆಯ ಹತ್ತಿರಕ್ಕೇ ಬಂತು. ಕೈ ಕೆಲಸ ಮಾಡುತ್ತಿದ್ದಾಗ ಕಿವಿಗೆ ಬಿಡುವಿರುತ್ತದೆ ಎಂಬ ಸತ್ಯವನ್ನು ನಮ್ಮ ಜಿಲ್ಲೆಗೆ ತೋರಿಸಿಕೊಟ್ಟದ್ದು ಆ ಕೇಂದ್ರ. ಈ ಲೇಖನದ ಮುಂದಿನ ಭಾಗವೆಲ್ಲ ಆ ಒಂದು ಸತ್ಯದ ವಿಸ್ತರಣೆ.

1990ರ ದಶಕದ ಸಾಕ್ಷರತಾ ಆಂದೋಲನ ಕರ್ನಾಟಕದ ಹಳ್ಳಿಗಳಿಗೆ ಜಾಥಾ, ಬೀದಿನಾಟಕ, ಹಾಡುಗಳ ಸಂಭ್ರಮ ತಂದಿತು. ಸ್ಲೇಟು ಹಿಡಿದ ಅಜ್ಜಿಯರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆಂದೋಲನದ ಪ್ರವೇಶಿಕೆಯಿಂದ ಹೆಸರು ಬರೆಯಲು ಕಲಿತವರಿಗೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಸಂಕೋಚ ತಪ್ಪಿತು. ಆ ಘನತೆಯನ್ನು ಹಗುರವಾಗಿ ಕಾಣಬಾರದು. ಆದರೆ ಕಲಿತ ಅಕ್ಷರದಿಂದ ದಿನವೂ ಓದುವಂಥದ್ದು ಮನೆಯಲ್ಲಿ ಏನೂ ಇಲ್ಲದಿದ್ದಾಗ ಆ ಅಕ್ಷರ ಮರೆಯಾಗುತ್ತದೆ. ಎಷ್ಟೋ ಕಡೆ ಆದದ್ದೂ ಅದೇ. ನಂತರದ ಯೋಜನೆಗಳು ನಮ್ಮ ಕಡೆ ಹೆಚ್ಚು ತಿರುಗಲಿಲ್ಲ. 2009ರ ಸಾಕ್ಷರ ಭಾರತ ಕಾರ್ಯಕ್ರಮಕ್ಕೆ ಮಹಿಳಾ ಸಾಕ್ಷರತೆ ನೂರಕ್ಕೆ 50 ಮೀರದ ಜಿಲ್ಲೆಗಳನ್ನು ಆಯ್ದರು. ಶಿವಮೊಗ್ಗ ಆ ಗೆರೆಯನ್ನು ಅದಾಗಲೇ ದಾಟಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಒಟ್ಟು ಸಾಕ್ಷರತೆ ನೂರಕ್ಕೆ 80ರಷ್ಟು, ಹೆಂಗಸರದು 75ರ ಆಸುಪಾಸು. ಉಳಿದ ಕಾಲುಭಾಗದಲ್ಲಿ ಹೆಚ್ಚಿನವರು ವಯಸ್ಸಾದವರು. ಸೊಪ್ಪು, ಬೀಜ, ಚಿತ್ತಾರ, ಬಾಣಂತನ ಬಲ್ಲವರೂ ಬಹುಮಟ್ಟಿಗೆ ಅವರೇ.

ಇವರಿಂದ ನಾವು ಕಲಿಯುವುದಿದೆ ಎಂದು ಹೇಳಿದವರು ಕೆಲವರು ಮಾತ್ರ. ಅವರು ಕರ್ನಾಟಕದಲ್ಲಿ 1990ರ ದಶಕದಿಂದಲೇ ಕೆಲಸ ಮಾಡುತ್ತಿದ್ದರು. ಜನರ ಆವಿಷ್ಕಾರಗಳನ್ನು ಅವರ ಹೆಸರಿನಲ್ಲೇ ಪ್ರಕಟಿಸುವ ‘ಹನಿ ಬೀ’ ಪತ್ರಿಕೆಗೆ ‘ಹಿತ್ತಲ ಗಿಡ’ ಎಂಬ ಕನ್ನಡ ರೂಪ ಕೊಟ್ಟವರು ಟಿ.ಎನ್. ಪ್ರಕಾಶ್. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಅಲ್ಲಗಳೆಯಲು ಗಾದೆಯ ಪದವನ್ನೇ ಹೆಸರಾಗಿಸಿದ ಜಾಣತನ ಅದು. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರೂಪಿಸಿದ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಕಲ್ಪನೆ 2002ರ ಜೀವವೈವಿಧ್ಯ ಕಾಯ್ದೆಯೊಂದಿಗೆ ಕಾನೂನಿನ ಮಾತಾಯಿತು. ಪ್ರತಿ ಗ್ರಾಮ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ದಾಖಲೆ. ಸೊರಬದ ಗಡಿ ದಾಟಿದರೆ ಸಿಗುವ ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಮತ್ತು ಆ ಕಡೆಯ ಹೆಂಗಸರು ಕಟ್ಟಿದ ‘ವನಸ್ತ್ರೀ’ ಬೀಜ ವಿನಿಮಯದ ಕೂಟವಾಗಿ ಬೆಳೆಯಿತು. ಅವರ ಮಲೆನಾಡು ಮೇಳಕ್ಕೆ ತರಕಾರಿ, ಗೆಡ್ಡೆ, ಹೂವಿನ ಬೀಜಗಳನ್ನು ಹಿತ್ತಲಿನವರೇ ತರುತ್ತಾರೆ. ಇಲ್ಲಿ ಪಾಠ ಹೇಳುವವರು, ಕೇಳುವವರು ಎಂಬ ಭೇದವಿಲ್ಲ. ಬೀಜ ಕೊಟ್ಟವಳು ಬೀಜ ಒಯ್ಯುತ್ತಾಳೆ, ಅಷ್ಟೆ.

ಇನ್ನು ಯಂತ್ರದ ಕಥೆ. ತಂತ್ರಜ್ಞಾನ ಹೆಂಗಸರ ಧ್ವನಿಯನ್ನು ಹೊತ್ತು ತಿರುಗಿದ ಮೊದಲ ಪ್ರಯೋಗಗಳು ನಮ್ಮ ಜಿಲ್ಲೆಯಲ್ಲಿ ಆಗಲಿಲ್ಲ. ಆದರೆ ಅವನ್ನು ಬಿಟ್ಟು ನಮ್ಮ ಇಂದಿನ ಸ್ಥಿತಿ ಅರ್ಥವಾಗದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಆರಂಭದಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ಯನ್ನು ಶುರುಮಾಡಿದವು. ಹಳ್ಳಿಗರು ಬಾನುಲಿ ನಡೆಸಲು ಆಗ ಪರವಾನಗಿ ಇರಲಿಲ್ಲ. 1995ರಲ್ಲೇ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಜನರ ಆಸ್ತಿ ಎಂದಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಕೊನೆಗೆ. ಅಲ್ಲಿಯವರೆಗೆ ಬೂದಿಕೋಟೆಯವರು ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಧ್ವನಿ ಹರಿಸಿದರು. ಸ್ವಸಹಾಯ ಸಂಘಗಳ ಹೆಂಗಸರು ಮೈಕಿನ ಮುಂದೆ ಕೂತು ತಮ್ಮ ಕೃಷಿ, ಔಷಧಿ, ಸಾಲ–ಸೋಲದ ಮಾತಾಡಿದರು.

ಮೈಸೂರು ಜಿಲ್ಲೆಯ ‘ಕೇಳು ಸಖಿ’ ಬಾನುಲಿ ಕಾರ್ಯಕ್ರಮ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು ಎಂದು ನನ್ನ ಅನಿಸಿಕೆ. ಅದರ ಹಿಂದೆ ಮಹಿಳಾ ಸಮಖ್ಯ ಇತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ, ನೆದರ್ಲೆಂಡ್ಸ್ ನೆರವಿನಿಂದ, 1989ರ ವೇಳೆಗೆ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಮೊದಲಾದ ಕಾರ್ಯಕ್ರಮ ಇದು. ಕರ್ನಾಟಕದಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಿಂದ ಆರಂಭವಾಯಿತು. ಶಿವಮೊಗ್ಗ ಆ ಪಟ್ಟಿಯಲ್ಲಿ ಇರಲಿಲ್ಲ. ಶ್ರೀಲತಾ ಬಾಟ್ಲಿವಾಲಾ ಅದರ ಮೊದಲ ರಾಜ್ಯ ನಿರ್ದೇಶಕಿ. ಅಕ್ಷರವನ್ನು ಮೊದಲ ದಿನವೇ ಹೇರದೆ, ಬಡ, ಬಹುಪಾಲು ದಲಿತ ಹೆಂಗಸರ ಸಂಘ ಕಟ್ಟಿ, ಏನು ಕಲಿಯಬೇಕೆಂದು ಅವರೇ ಹೇಳುವವರೆಗೆ ಕಾಯುವುದು ಅದರ ಕ್ರಮ. ಸರ್ಕಾರಿ ಕಾರ್ಯಕ್ರಮವೊಂದು ಕಾಯುತ್ತದೆ ಎಂಬುದೇ ಅಪರೂಪ. 2005ರಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಸಂಘಗಳೊಡನೆ ‘ಮಾಹಿತಿ ಮಂಥನ’ ಎಂಬ ಯೋಜನೆ ಕೈಗೊಂಡಿತು. ಹುಣಸೂರು, ಎಚ್.ಡಿ. ಕೋಟೆ, ನಂಜನಗೂಡು ತಾಲ್ಲೂಕುಗಳ ಹೆಂಗಸರೇ ಮಾತು ಕೊಟ್ಟ ‘ಕೇಳು ಸಖಿ’ ಮೈಸೂರಿನ ಜ್ಞಾನವಾಣಿ ಕೇಂದ್ರದಿಂದ ವಾರಕ್ಕೊಮ್ಮೆ ಬರತೊಡಗಿತು. ಸಂಘದ ಹೆಂಗಸರು ಚಿತ್ರಿಸಿದ, ಅವರನ್ನೇ ಚಿತ್ರಿಸಿದ ಸಣ್ಣ ವಿಡಿಯೊಗಳು ಸಂಘದ ಸಭೆಯಲ್ಲಿ ಓಡಿದವು. ಹಳ್ಳಿಯ ಹುಡುಗಿಯರು ‘ಸಖಿ’ಯರಾಗಿ ‘ನಮ್ಮ ಮಾಹಿತಿ ಕೇಂದ್ರ’ದಲ್ಲಿ ಕಂಪ್ಯೂಟರಿನ ಮುಂದೆ ಕೂತರು, ಪಿಂಚಣಿ, ಪಡಿತರದ ಅರ್ಜಿಗೆ ಗಂಡಸರೂ ಆ ಹುಡುಗಿಯರ ಎದುರು ಕಾಯಬೇಕಾಯಿತು. ಮುಂದೆ ಅದೇ ಬಳಗ ಸಂಘದವರ ಮೊಬೈಲಿಗೆ ಧ್ವನಿ ಸಂದೇಶ ಮುಟ್ಟಿಸುವ ಏರ್ಪಾಡನ್ನೂ ಮಾಡಿತು.

2014ರಲ್ಲಿ ಜ್ಞಾನವಾಣಿ ಮೌನವಾಯಿತು. 2016ರ ಹೊತ್ತಿಗೆ ಮಹಿಳಾ ಸಮಖ್ಯಕ್ಕೆ ಕೇಂದ್ರದ ಪ್ರತ್ಯೇಕ ಅನುದಾನವೂ ನಿಂತಿತು. ಹೆಂಗಸರ ಕಲಿಕೆಯನ್ನು ಸಂಪಾದನೆಯ ಯೋಜನೆಗಳೊಳಗೆ ಸೇರಿಸಿದರೆ ಸಾಕು ಎಂಬುದು ತೀರ್ಮಾನ. ಆ ತೀರ್ಮಾನ ತಪ್ಪೆಂದು ನಾನು ಇಂದಿಗೂ ನಂಬುತ್ತೇನೆ. ಸಾಲದ ಕಂತಿನ ಸಭೆಯಲ್ಲಿ ಕಲಿಕೆಗೆ ಉಳಿಯುವುದು ಕೊನೆಯ ಐದು ನಿಮಿಷ.

ಗಂಡಸು ಹೆಂಗಸು ಎನ್ನದೆ ರೈತರಿಗೆ ಮೊಬೈಲಿನಲ್ಲಿ ಪಾಠ ಕಳುಹಿಸಿದವರೂ ಇದ್ದರು. ಇಫ್ಕೊ ಮತ್ತು ಏರ್‌ಟೆಲ್ ಸೇರಿ 2007ರಿಂದ ತಂದ ‘ಗ್ರೀನ್ ಸಿಮ್’ ದಿನಕ್ಕೆ ಹಲವು ಧ್ವನಿ ಸಂದೇಶಗಳನ್ನು ದೇಶಭಾಷೆಯಲ್ಲಿ ಕೊಟ್ಟಿತು. ಪಕ್ಕದ ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ‘ವಿಡಿಯಲ್’ ಸಂಸ್ಥೆಯ ಹೆಂಗಸರು ಬ್ಯಾಂಕಿನಿಂದ ಕುರಿ–ಮೇಕೆಗೆಂದು ಸಾಲ ಪಡೆದಾಗ ಜೊತೆಗೇ ಮೊಬೈಲನ್ನೂ ಕೊಂಡರು. ಮೇಕೆ ಮೇಯಿಸುತ್ತಲೇ ಮೇಕೆ ಸಾಕಣೆಯ ಪಾಠ ಕೇಳಿದರು. ವ್ಯಾಂಕೂವರ್‌ನ ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಬೆಂಬಲಿಸಿದ ಆ ಪ್ರಯೋಗವನ್ನು ಜಗತ್ತಿನ ಹಲವೆಡೆ ಉದಾಹರಿಸುತ್ತಾರೆ. ಅದರ ಗುಟ್ಟು ಫೋನಿನಲ್ಲಿ ಇರಲಿಲ್ಲ. ಸಾಲದ ಪತ್ರದಲ್ಲಿ ಫೋನು ಹೆಂಗಸಿನ ಹೆಸರಿನಲ್ಲಿ ಇತ್ತು, ಹಾಗಾಗಿ ಅದನ್ನು ಮಗ ಕಿತ್ತುಕೊಂಡು ಪೇಟೆಗೆ ಹೋಗುವಂತಿರಲಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಫೋನು ಹೆಂಗಸರ ಕೈಗೆ ಬಂದದ್ದು ಯಾವ ಕಲಿಕಾ ಯೋಜನೆಯಿಂದಲೂ ಅಲ್ಲ. ಫೋನಿಗಿಂತ ಮೊದಲು ಸೈಕಲ್ ಬಂತು: 2006ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿತು. ಆ ಸೈಕಲ್ ತುಳಿದು ಹೈಸ್ಕೂಲು ಮುಗಿಸಿದವರು ಇಂದು ಮೂವತ್ತು ದಾಟಿದ ತಾಯಂದಿರು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಾಗ, ಫೋನಿಲ್ಲದ ಮನೆಯೂ ಸಾಲಮಾಡಿ ಒಂದನ್ನು ತಂದಿತು. ನೆಟ್‌ವರ್ಕ್ ಹುಡುಕಿಕೊಂಡು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದು ಎಲ್ಲರಿಗೂ ಗೊತ್ತು. ಮಕ್ಕಳ ಜೊತೆ ಕೂತು ತಾಯಿಯೂ ಕಲಿತಳು. ಅಂಗನವಾಡಿ ಕಾರ್ಯಕರ್ತೆಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು 2023ರ ಜನವರಿಯಿಂದ ಮೊಬೈಲಿನಲ್ಲೇ ಹಾಕಬೇಕೆಂದಾದಾಗ ಕೂಲಿ ತಂಡದ ಮುಂದಾಳುಗಳಾದ ‘ಕಾಯಕ ಬಂಧು’ಗಳಾಗಿದ್ದ ಹೆಂಗಸರು ಕೆರೆ ಏರಿಯ ಮೇಲೆ ನಿಂತು ಎರಡು ಹೊತ್ತು ಫೋಟೊ ತೆಗೆದು ಏರಿಸುವುದನ್ನು ಕಲಿತರು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಆರಂಭವಾದ ಮೇಲಂತೂ, ಅಕ್ಷರ ಮರೆತಿದ್ದ ಹೆಂಗಸರೂ ಬ್ಯಾಂಕಿನ ಸಂದೇಶದಲ್ಲಿ 2,000 ಎಂಬ ಅಂಕಿಯನ್ನು ಹುಡುಕತೊಡಗಿದರು. ವಯಸ್ಕರ ಶಿಕ್ಷಣಕ್ಕೆ ಇಂಥ ಪಠ್ಯ ಹಿಂದೆ ಯಾರೂ ಬರೆದಿರಲಿಲ್ಲ.

ಇಷ್ಟಾದರೂ, ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಹೆಂಗಸಿನಿಂದ ಅಂಕಿಅಂಶ ಪಡೆಯುವ ಕೆಲಸ. ಆ್ಯಪ್ ಕೇಳುವುದು ಮಗುವಿನ ತೂಕ, ಕೂಲಿಯವರ ಮುಖ. ಅವಳಿಗೆ ಏನು ಗೊತ್ತು ಎಂದು ಯಾವ ಆ್ಯಪೂ ಕೇಳಿಲ್ಲ. ಫೋನು ಯಾರದು ಎಂಬ ಪ್ರಶ್ನೆಯೂ ಮುಗಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲು ಇದ್ದವರು ನೂರಕ್ಕೆ ಸುಮಾರು 62. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಸುಮಾರು 35. 49 ದಾಟಿದ ಅಜ್ಜಿಯರು ಆ ಲೆಕ್ಕದಲ್ಲೇ ಇಲ್ಲ.

ಹೆಂಗಸರು ತಾವಾಗಿಯೇ ಕಂಡುಕೊಂಡ ಬಳಕೆ ಒಂದಿದೆ: ವಾಟ್ಸ್‌ಆ್ಯಪಿನ ಧ್ವನಿ ಸಂದೇಶ. ಬರೆಯಲು ಬಾರದವಳಿಗೂ, ಬರೆಯಲು ಬಂದರೂ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಲು ಪುರುಸೊತ್ತಿಲ್ಲದವಳಿಗೂ ಅದು ಒದಗಿತು. ಆನವಟ್ಟಿಯಲ್ಲಿರುವ ತಾಯಿ ಬೆಂಗಳೂರಿನಲ್ಲಿರುವ ಮಗಳಿಗೆ ‘ಕೂಸಿಗೆ ಶೀತ ಆದ್ರೆ ಎಂತ ಮಾಡೂದು ಗೊತ್ತುಂಟಲ್ಲ? ದೊಡ್ಡಪತ್ರೆ ಎಲೆ ಬಾಡ್ಸಿ…’ ಎಂದು ಹೇಳಿ ಕಳುಹಿಸುವ ಅರ್ಧ ನಿಮಿಷದಲ್ಲಿ ಅಳತೆ, ಎಚ್ಚರಿಕೆ, ಯಾವ ವಯಸ್ಸಿನ ಕೂಸಿಗೆ ಬೇಡ ಎಂಬುದೆಲ್ಲ ಇರುತ್ತದೆ. ಯಾವ ಪ್ರವೇಶಿಕೆಗೂ ಸಿಗದ ಈ ಸಂಗ್ರಹ ಫೋನಿನ ಜಾಗ ತುಂಬಿದ ದಿನ ಅಳಿಸಿಹೋಗುತ್ತದೆ. ಅದರ ಬದಲಿಗೆ ಯೂಟ್ಯೂಬಿನಲ್ಲಿ, ಸೊಪ್ಪನ್ನೇ ಕಾಣದವರು ಹೇಳುವ ‘ಸರ್ವರೋಗ ನಿವಾರಕ ಕಷಾಯ’ ಉಳಿಯುತ್ತದೆ. ಅಜ್ಜಿಯರ ಮದ್ದೆಲ್ಲ ಸರಿ ಎಂಬುದು ನನ್ನ ವಾದವಲ್ಲ. ಹಾವು ಕಚ್ಚಿದರೆ, ಮೂರು ದಿನ ಜ್ವರ ಬಿಡದಿದ್ದರೆ ಆಸ್ಪತ್ರೆಗೇ ಹೋಗಬೇಕು. ಆದರೆ ಬಲ್ಲ ಅಜ್ಜಿ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೆ. ಈ ವಿಡಿಯೊಗಳು ಹಾಗೆನ್ನುವುದಿಲ್ಲ.

ಆಡುಮಾತಿಗೆ ಬೆಲೆ ಬರುತ್ತಿರುವ ಕಾಲವೂ ಇದೇ. ಯಂತ್ರಗಳಿಗೆ ಕನ್ನಡ ಕಲಿಸಲು ಧ್ವನಿ ಬೇಕಾಗಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆಗಾಗಿ ಚಾಮರಾಜನಗರ ಜಿಲ್ಲೆಯ ಆಲಹಳ್ಳಿ, ಚಿಲುಕವಾಡಿಯ ಹೆಂಗಸರು ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ, ಅದಕ್ಕೆ ಕೂಲಿಯನ್ನೂ ಪಡೆದದ್ದು 2023ರಲ್ಲಿ ಸುದ್ದಿಯಾಯಿತು. ಓದಿದ ವಾಕ್ಯಕ್ಕೆ ಕೂಲಿ ಇದೆ ಎಂದಾದರೆ, ಬಲ್ಲ ವಿದ್ಯೆಯ ಮಾತಿಗೆ ಹಕ್ಕೂ ಇರಬೇಕು. ಜೀವವೈವಿಧ್ಯ ಕಾಯ್ದೆ ಲಾಭದ ಪಾಲು ಎಂಬ ಮಾತನ್ನು ಒಪ್ಪಿದೆ. ಪಂಚಾಯತಿಯ ದಾಖಲೆಯಲ್ಲಿ ಹೇಳಿದವಳ ಹೆಸರೇ ಇಲ್ಲದಿದ್ದರೆ ಪಾಲು ಯಾರಿಗೆ ಕೊಡುವುದು?

ಅದಕ್ಕಾಗಿ ಈ ಸಂಚಿಕೆಯ ಓದುಗರಲ್ಲಿ, ಮುಖ್ಯವಾಗಿ ಸಂಜೀವಿನಿ ಒಕ್ಕೂಟಗಳ, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರಲ್ಲಿ ಒಂದು ವಿನಂತಿ. ಬರುವ ಭೂಮಿ ಹುಣ್ಣಿಮೆಗೆ ನಿಮ್ಮ ಮನೆಯ ಚರಗಕ್ಕೆ ಯಾವ ಯಾವ ಸೊಪ್ಪು ಬಿತ್ತು, ಅದನ್ನು ಎಲ್ಲಿಂದ ತಂದಿರಿ ಎಂಬುದನ್ನು ಹಿರಿಯರ ಬಾಯಿಂದಲೇ, ಅವರ ಮಾತಿನಲ್ಲೇ, ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲು ಅವರ ಒಪ್ಪಿಗೆ ಕೇಳಿ. ಹೇಳಲು ಇಷ್ಟವಿಲ್ಲದ ಮದ್ದನ್ನು ಕೆದಕಬೇಡಿ. ಹೇಳಿದವರ ಹೆಸರು, ಊರು, ದಿನಾಂಕ ಸೇರಿಸಿ. ಒಂದು ಪ್ರತಿಯನ್ನು ನಿಮ್ಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಗ್ರಾಮ ಪಂಚಾಯತಿ ಗ್ರಂಥಾಲಯದ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಇರಿಸಿ. ನಿಮ್ಮ ಪಂಚಾಯತಿಯಲ್ಲಿ ಆ ಸಮಿತಿ ಕಾಗದದ ಮೇಲಷ್ಟೇ ಇದೆಯೆಂದು ಗೊತ್ತಾದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನೇ ಮೊದಲು ಕೇಳಿ.